ಸರ್ಕಾರ ಮಾರುವ ಅದೃಷ್ಟ

ಸರ್ಕಾರವೇ ಲಾಟರಿ ಮಾರಬಹುದೇ? ಕೇರಳ 1967ರಲ್ಲೇ ಹೂಂ ಅಂದಿತು. ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಸಂಪುಟದ ಹಣಕಾಸು ಸಚಿವ ಪಿ.ಕೆ. ಕುಂಞು ಅದನ್ನು ಶುರುಮಾಡಿದರು. ಆ ವರ್ಷದ ನವೆಂಬರ್ 1ರಂದು ಒಂದು ರೂಪಾಯಿಯ ಟಿಕೆಟ್ ಹೊರಬಂತು; 1968ರ ಜನವರಿ 26ರ ಮೊದಲ ಡ್ರಾದಲ್ಲಿ ಬಹುಮಾನ 50,000 ರೂಪಾಯಿ. ಈಗ ಓಣಂ ಬಂಪರ್‌ ಟಿಕೆಟ್‌ಗೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. (ಅದರಲ್ಲಿ ಶೇ 10 ಏಜೆಂಟರಿಗೆ, ಮಿಕ್ಕಿದ್ದರಲ್ಲಿ ಶೇ 30 ತೆರಿಗೆಗೆ, ಅದರ ಮೇಲೆ ಸರ್ಚಾರ್ಜ್ ಬೇರೆ.)

ಕಣ್ಣೆಲ್ಲ ಕೋಟಿಯ ಮೇಲಿದ್ದರೂ ವ್ಯಾಪಾರ ನಿಂತಿರುವುದು ಸಣ್ಣ ಬಹುಮಾನಗಳ ಮೇಲೆ. ನೂರೋ ಇನ್ನೂರೋ ಹೊಡೆದವನು ಅದನ್ನು ಮನೆಗೆ ಒಯ್ಯುವುದು ಅಪರೂಪ. ಅದೇ ಅಂಗಡಿಯಲ್ಲಿ ನಾಳೆಯ ಟಿಕೆಟ್ ಕೊಳ್ಳುತ್ತಾನೆ. ಕೊನೆಯ ನಾಲ್ಕು ಅಂಕಿ ಒಂದೇ ಇರುವ ‘ಸೆಟ್’ ಹುಡುಕುತ್ತಾನೆ. ಒಂದಂಕಿ ತಪ್ಪಿದರೆ ‘ಸ್ವಲ್ಪದರಲ್ಲಿ ಹೋಯ್ತು’ ಅನ್ನುತ್ತಾನೆ. ಲಾಟರಿಯ ಲೆಕ್ಕದಲ್ಲಿ ಸ್ವಲ್ಪ ಎಂಬುದೇ ಇಲ್ಲ, ಆದರೆ ಆ ಮಾತೇ ಅವನನ್ನು ಮರುದಿನ ಕರೆತರುತ್ತದೆ.

ಕೇರಳದ ಸಮರ್ಥನೆ ಹಗುರವಾದದ್ದಲ್ಲ. ಬೀದಿಯಲ್ಲಿ ಟಿಕೆಟ್ ಮಾರಿ ಬದುಕುವವರಲ್ಲಿ ಅಂಗವಿಕಲರು, ವೃದ್ಧರು ಬಹಳ. 2011ರಲ್ಲಿ ಬಂದ ಕಾರುಣ್ಯ ಲಾಟರಿಯ ದುಡ್ಡು ಬಡವರ ಚಿಕಿತ್ಸೆಗೆ ಹೋಗುತ್ತದೆ. ನನಗೆ ಒಪ್ಪಿಗೆಯಾಗದ್ದು ಇಲ್ಲೇ. ಕೂಲಿಯವನ ಡಯಾಲಿಸಿಸ್‌ಗೆ ಇನ್ನೊಬ್ಬ ಕೂಲಿಯವನೇ ಆಸೆಪಟ್ಟು ದುಡ್ಡು ಕಟ್ಟುವ ಏರ್ಪಾಟಿದು. ಉಳ್ಳವರ ಮೇಲೆ ತೆರಿಗೆ ಹಾಕಿದರೆ ಗಲಾಟೆಯಾಗುತ್ತದೆ, ಇದಕ್ಕೆ ಯಾರೂ ಚಕಾರ ಎತ್ತುವುದಿಲ್ಲ. ಸರ್ಕಾರ ನಡೆಸಿದ ಮಾತ್ರಕ್ಕೆ ಲಾಟರಿ ಜೂಜಲ್ಲ ಎನ್ನಲಾಗದೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಹಾಗಾದರೆ ನಿಷೇಧ? ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಆಸೆ ನಿಲ್ಲಲಿಲ್ಲ. 2015ರಲ್ಲಿ, ಕದ್ದು ನಡೆಯುತ್ತಿದ್ದ ಒಂದಂಕಿ ಲಾಟರಿಯ ಹಗರಣ ಹಿರಿಯ ಪೊಲೀಸ್ ಅಧಿಕಾರಿಗಳವರೆಗೂ ಹೋಯಿತು. 2024ರ ಓಣಂ ಬಂಪರ್ ಹೊಡೆದದ್ದು ಕರ್ನಾಟಕದ ಪಾಂಡವಪುರದ ಮೆಕ್ಯಾನಿಕ್‌ಗೆ. ಟಿಕೆಟ್ ಕೊಂಡದ್ದು ಕೇರಳದ ವಯನಾಡಿನಲ್ಲಿ. ಆದರೂ ನಾನು ನಿಷೇಧದ ಪರ. ಜನ ಜೂಜಾಡುವುದನ್ನು ತಡೆಯಲಾಗದ ಸರ್ಕಾರವನ್ನು ಸಹಿಸಬಹುದು. ಅವರು ಹೆಚ್ಚು ಆಡಲಿ ಎಂದು ಬಜೆಟ್ಟಿನಲ್ಲಿ ಗುರಿ ಇಟ್ಟುಕೊಳ್ಳುವ ಸರ್ಕಾರವನ್ನು ಸಹಿಸುವುದು ಕಷ್ಟ.

ಮಾರಲೇಬೇಕು ಎಂದರೆ ಒಂದು ಕೆಲಸ ಮಾಡಲಿ. ಆ 2024ರ ಬಂಪರ್‌ನ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಖರ್ಚಾದವು, ಮೊದಲ ಬಹುಮಾನ ಒಂದೇ. ಸಿಗರೇಟು ಪ್ಯಾಕಿನ ಎಚ್ಚರಿಕೆಯಂತೆ ಈ ಲೆಕ್ಕವನ್ನೂ ಟಿಕೆಟ್ಟಿನ ಮೇಲೆ, ಬಹುಮಾನದ ಮೊತ್ತದಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ.