ಪರಸ್ಥಳದ ಹಸಿವೆಯೂ ಚೀನೀ ಊಟವೂ

ಕಿತ್ತೂರು ತಾಲೂಕಿನ ದೇಗಾಂವವು ಕಮಲನಾರಾಯಣ ದೇವಾಲಯದಿಂದ ಹೆಸರಾದ ಊರು. ಹನ್ನೆರಡನೆಯ ಶತಮಾನದಲ್ಲಿ, ಗೋವೆಯ ಕದಂಬರ ರಾಣಿಯಾದ ಕಮಲಾದೇವಿಯ ಕಾಲಕ್ಕೆ ಎದ್ದು ನಿಂತ ಆ ಗುಡಿಯನ್ನು ನೋಡಲು ಹೊರಗಿನವರು ಊರೊಳಗೆ ಬರುತ್ತಾರೆ. ಊರಿನ ಹುಡುಗ ಹುಡುಗಿಯರಾದರೋ ಓದು ಮುಗಿದೊಡನೆ ಉದ್ಯೋಗವನ್ನರಸಿ ಹೊರಗೆ ಹೋಗುತ್ತಾರೆ. ಧಾರವಾಡ ಬೆಳಗಾವಿಗಳು ಹತ್ತಿರದವು. ಶನಿವಾರ ಸಂಜೆ ಮನೆಗೆ ಬಂದು, ಸೋಮವಾರ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟರಾಯಿತು. ಬೆಂಗಳೂರು ಹಾಗಲ್ಲ. 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಬ್ಬಕ್ಕೊಮ್ಮೆ ಬಂದರೆ ಅದೇ ಭಾಗ್ಯ.

ಹೀಗೆ ಹೋದವರ ಮನೆಗಳಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನಡೆಯುವ ಒಂದು ಸಂಭಾಷಣೆಯನ್ನು ನಾವು ಹಲವು ಕಡೆ ಕೇಳಿದ್ದೇವೆ. “ಏನ ಊಟಾ ಮಾಡಿದ್ಯೋ ತಮ್ಮಾ?” ಎಂದು ತಾಯಿ ಫೋನಿನಲ್ಲಿ ಕೇಳುತ್ತಾಳೆ. “ಒಗ್ಗರಣಿ ಅನ್ನ, ಅವ್ವಾ” ಎಂದು ಮಗನ ಉತ್ತರ. ತಾಯಿಗೆ ಸಮಾಧಾನವಾಗುತ್ತದೆ. ಆತನ ಕೈಯಲ್ಲಿರುವದು ಮಾತ್ರ ಬೀದಿಯ ಗಾಡಿಯಿಂದ ಕಟ್ಟಿಸಿಕೊಂಡು ಬಂದ ಫ್ರೈಡ್ ರೈಸಿನ ಪಾರ್ಸೆಲ್!

ಈ ಉತ್ತರವು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ನಾವೂ ಬೆಂಗಳೂರಿನಲ್ಲಿ ಅಂಥ ಗಾಡಿಯೊಂದರ ಮುಂದೆ ನಿಂತು ನೋಡಿದ್ದೇವೆ, ಉಂಡೂ ಇದ್ದೇವೆ. ಬೇಯಿಸಿ ಆರಹಾಕಿದ ಅನ್ನ. ಹೆಚ್ಚಿಟ್ಟ ಎಲೆಕೋಸು, ಗಜ್ಜರಿ, ಉಳ್ಳಾಗಡ್ಡಿ. ಗಾಡಿಯವನು ಕಬ್ಬಿಣದ ದೊಡ್ಡ ಬಾಣಲೆಯನ್ನು ಭೋರೆನ್ನುವ ಉರಿಯ ಮೇಲಿಟ್ಟು, ಎಣ್ಣೆಯಲ್ಲಿ ಬಳ್ಳೊಳ್ಳಿಯ ಚೂರುಗಳನ್ನು ಒಗೆದು, ಕಾಯಿಪಲ್ಲೆಯನ್ನೂ ಅನ್ನವನ್ನೂ ಮೇಲೆ ಸುರಿದು, ಸೋಯಾ ಸಾಸನ್ನೂ ಕೆಂಪು ಖಾರವನ್ನೂ ಬೆರೆಸಿ ಎರಡು ನಿಮಿಷದಲ್ಲಿ ಇಳಿಸಿಬಿಡುತ್ತಾನೆ. ನಾವು ಕೊಟ್ಟದ್ದು 60 ರೂಪಾಯಿ. ತಣ್ಣನೆಯ ಅನ್ನವನ್ನು ಬಿಸಿ ಎಣ್ಣೆಗೆ ಹಾಕಿ ಉದುರುದುರಾಗಿ ಎತ್ತುವ ಈ ಕೆಲಸವನ್ನು ನಮ್ಮ ಅಜ್ಜಿಯರು ಮುಂಜಾನೆಯ ನಾಷ್ಟಾಕ್ಕೆ ಮಾಡುತ್ತಿರಲಿಲ್ಲವೆ? ಸಾಸಿವೆ ಅರಿಷಿಣಗಳ ಸ್ಥಾನದಲ್ಲಿ ಸಾಸು ಬಂದಿದೆ, ಅಷ್ಟೆ.

ಆ ಹುಡುಗನು ಅಲ್ಲಿಗೇ ಏಕೆ ಹೋಗುತ್ತಾನೆಂಬದನ್ನೂ ವಿಚಾರಿಸಬೇಕು. ಹೊಸದಾಗಿ ಊರು ಬಿಟ್ಟವನಿಗೆ ಬೆಂಗಳೂರಿನ ಸಾಂಬಾರು ಸಿಹಿಯಾಗಿ ತೋರುತ್ತದೆ. ಆತನಿರುವ ಪೀಜಿಯಲ್ಲಿ ದಿನವೂ ಅದೇ ಅನ್ನ, ಅದೇ ನೀರುಸಾರು. ರೊಟ್ಟಿ ಎಣಗಾಯಿ ಬಡಿಸುವ ಉತ್ತರ ಕರ್ನಾಟಕದ ಖಾನಾವಳಿಗಳು ಆ ನಗರದಲ್ಲಿ ಇವೆ, ನಿಜ. ಆದರೆ ಆತನ ಓಣಿಯಲ್ಲಿಲ್ಲ, ಆತನು ಕೆಲಸದಿಂದ ಬಿಡುವ ಹೊತ್ತಿಗೆ ತೆರೆದೂ ಇರುವದಿಲ್ಲ. ಗಾಡಿಯ ಬಳ್ಳೊಳ್ಳಿಯ ವಾಸನೆ ಮೂಗಿಗೆ ಬಡಿದಾಗ, ನಾಲಿಗೆಗೆ ಖಾರ ಮುಟ್ಟಿದಾಗ, ಅವನಿಗೆ ಮನೆಯ ರಂಜಕ ನೆನಪಾಗುತ್ತದೆ. ಧಾರವಾಡದ ಗಿರ್ಮಿಟ್ಟು ಮಿರ್ಚಿಭಜಿಗಳ ಗಾಡಿಯ ಸುತ್ತ ಗೆಳೆಯರೊಡನೆ ನಿಂತ ಸಂಜೆಗಳೂ ನೆನಪಾಗುತ್ತವೆ. ರುಚಿಯೇನೋ ನೆನಪಾಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಮನಸ್ಸಿನ ಹಸಿವೆಯು ಇದ್ದಲ್ಲೇ ಇರುತ್ತದೆ. ಬಾಣಲೆಯ ಹಿಂದೆ ನಿಂತವನು ಬಹಳ ಸಲ ನೇಪಾಳದಿಂದಲೋ ಈಶಾನ್ಯದ ಗುಡ್ಡಗಾಡಿನಿಂದಲೋ ಬಂದವನು. ಅವನ ತಾಯಿಯೂ ಎಲ್ಲೋ ಕುಳಿತು ಅದೇ ಪ್ರಶ್ನೆಯನ್ನು ಕೇಳುತ್ತಿರಬಹುದು.

ಈ ಅಡಿಗೆಯ ಕುಲವೇ ಊರು ಬಿಟ್ಟವರದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀಯನು ವಾರನ್ ಹೇಸ್ಟಿಂಗ್ಸನಿಂದ ಭೂಮಿಯನ್ನು ಪಡೆದು, ಕಲಕತ್ತೆಯ ಕೆಳಗೆ ಹೂಗ್ಲಿಯ ದಂಡೆಯಲ್ಲಿ ಸಕ್ಕರೆಯ ಕಾರಖಾನೆ ಹಾಕಿದನು. ಅವನ ನೆನಪಾಗಿ ಆ ಸ್ಥಳಕ್ಕೆ ಇಂದಿಗೂ ಅಚೀಪುರವೆಂದು ಹೆಸರು. ಬರಬರುತ್ತ ಬಡಗಿಗಳೂ, ತೊಗಲು ಹದಮಾಡುವ ಹಕ್ಕಾ ಜನರೂ ಬಂದು ಕಲಕತ್ತೆಯಲ್ಲಿ ನೆಲೆಸಿದರು. ತವರಿನ ಅಡಿಗೆಯನ್ನು ಪರದೇಶದಲ್ಲಿ ಮಾಡಿಕೊಳ್ಳುತ್ತ, ನೆರೆಹೊರೆಯವರ ನಾಲಿಗೆಗೂ ಹೊಂದಿಸುತ್ತ, ಅದಕ್ಕೆ ಹಸಿಮೆಣಸಿನಕಾಯಿಯನ್ನು ಕೂಡಿಸಿದರು. 1962ರ ಯುದ್ಧಕಾಲದಲ್ಲಿ ಇಲ್ಲಿಯೇ ಹುಟ್ಟಿ ಬೆಳೆದ ಚೀನೀ ವಂಶದವರನ್ನು ಸಹ ಸಾವಿರಾರು ಸಂಖ್ಯೆಯಲ್ಲಿ ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಒಯ್ದು ಇಟ್ಟರು. ಅನೇಕರು ಆ ಮೇಲೆ ದೇಶವನ್ನೇ ಬಿಟ್ಟರು. ಅವರ ಅಡಿಗೆ ಮಾತ್ರ ಉಳಿದು ಹಬ್ಬಿತು.

ಇನ್ನು ಮಂಚೂರಿ. ಚೀನದ ಮಂಚೂರಿಯಾ ಪ್ರಾಂತಕ್ಕೂ ಈ ಪದಾರ್ಥಕ್ಕೂ ಹೆಸರಿನ ಹೊರತು ಏನೂ ಸಂಬಂಧವಿಲ್ಲ. ಕಲಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಶುಂಠಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಸೋಯಾ ಸಾಸು ಬೆರೆಸಿ, ಕೋಳಿಮಾಂಸದಿಂದ ಅದನ್ನು ಮೊದಲು ಮಾಡಿದುದಾಗಿ ಹೇಳಿಕೊಂಡಿದ್ದಾರೆ. ಶಾಕಾಹಾರಿಗಳಿಗೆ ಹೂಕೋಸು ಒದಗಿತು. ಆ ಹೂಕೋಸೂ 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರದ ತೋಟಕ್ಕೆ ಬಂದಿಳಿದ ಪರದೇಶಿಯೇ. ಹಾಗೆ ನೋಡಿದರೆ ನಮ್ಮ ಅಡಿಗೆಯ ಜೀವಾಳವಾದ ಮೆಣಸಿನಕಾಯಿಯೂ ಅಮೇರಿಕದಿಂದ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಕಮಲಾದೇವಿಯ ಕಾಲದ ದೇಗಾಂವದಲ್ಲಿ ರಂಜಕವೇ ಇರಲಿಲ್ಲ. ಆದುದರಿಂದ “ಪರದೇಶದ ಹೊಲಸನ್ನು ತಿನ್ನುತ್ತಾನೆ” ಎಂದು ಹಿರಿಯರು ಮೂಗು ಮುರಿಯುವದು ನಮಗೆ ಸಮ್ಮತವಲ್ಲ.

ಹಿರಿಯರ ಭಯವೆಲ್ಲ ನಿರಾಧಾರವೆಂದು ಮಾತ್ರ ತಿಳಿಯಬಾರದು. 2024ನೆಯ ಮಾರ್ಚಿ ತಿಂಗಳಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವದನ್ನು ನಿಷೇಧಿಸಿತು. ಪರೀಕ್ಷೆಗೆ ತಂದ 171 ಮಾದರಿಗಳಲ್ಲಿ 107 ತಿನ್ನಲು ಸುರಕ್ಷಿತವಲ್ಲವೆಂದು ಕಂಡುಬಂದಿದ್ದವು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಬಣ್ಣಗಳು ಅವುಗಳಲ್ಲಿದ್ದವು. ಕುಂಕುಮದಂತೆ ಕೆಂಪಗೆ ಹೊಳೆಯುವ ಮಂಚೂರಿಯನ್ನು ಮುಟ್ಟದಿರುವದೇ ಲೇಸು. ಬಣ್ಣವಿಲ್ಲದೆ ಮಾಡಿಕೊಡೆಂದು ಕೇಳಲು ನಾಚಬೇಕಾಗಿಲ್ಲ. ಸಾಸಿನ ಕಂದುಬಣ್ಣವೇ ಸಾಕು. ಅದಕ್ಕಿಂತ ಜನರು ಕಡಿಮೆ ಬಲ್ಲ ಅಪಾಯ ಅನ್ನದ್ದು. ಬೇಯಿಸಿದ ಅನ್ನವನ್ನು ಬಹಳ ಹೊತ್ತು ಹೊರಗಿಟ್ಟರೆ ಅದರಲ್ಲಿ ಒಂದು ಸೂಕ್ಷ್ಮಜೀವಿ ಬೆಳೆದು ವಿಷವನ್ನುಂಟುಮಾಡುತ್ತದೆ. ತಿರುಗಿ ಕಾಸಿದರೂ ಆ ವಿಷ ಹೋಗುವದಿಲ್ಲ. ಅರ್ಧ ಉಳಿದ ಪಾರ್ಸೆಲನ್ನು ಕೋಣೆಯ ಮೂಲೆಯಲ್ಲಿಟ್ಟು ಮುಂಜಾನೆ ತಿನ್ನುವ ಮಿತವ್ಯಯದಿಂದ ವಾಂತಿಭೇದಿ ತಪ್ಪದು. ಜನ ಮುಗಿಬಿದ್ದು ಅನ್ನ ಬೇಗ ಖರ್ಚಾಗುವ ಗಾಡಿಯನ್ನು ಹುಡುಕಿ, ತಂದುದನ್ನು ಆಗಲೇ ಉಂಡುಬಿಡಬೇಕು.

ಇಂಥ ಎಚ್ಚರಿಕೆಯ ಮಾತನ್ನು ಮಗನಿಗೆ ಹೇಳತಕ್ಕವರು ಮನೆಯವರೇ. ಆದರೆ ಅವನು ಉಣ್ಣುವದೇನೆಂದು ಅವರಿಗೆ ತಿಳಿದಿದ್ದರಲ್ಲವೇ ಹೇಳುವದು? ಒಮ್ಮೆ “ಗೋಬಿ ತಿಂದೆ” ಎಂದದ್ದಕ್ಕೆ ತಂದೆಯಿಂದ ಅರ್ಧ ತಾಸು ಬೈಸಿಕೊಂಡವನು ಮರುದಿನದಿಂದ ಒಗ್ಗರಣಿ ಅನ್ನವನ್ನೇ ಉಣ್ಣತೊಡಗುತ್ತಾನೆ! ಹೊಟ್ಟೆ ಕೆಟ್ಟರೂ ಹೇಳನು, ಸಂಬಳ ಸಾಲದಿದ್ದರೂ ಹೇಳನು, ಮನೆಯ ನೆನಪಾಗಿ ಅತ್ತದ್ದನ್ನಂತೂ ಹೇಳುವದೇ ಇಲ್ಲ. ಬೈಗುಳವನ್ನು ಬಿಟ್ಟು “ಯಾರ ಕೂಡ ಉಂಡೆ?” ಎಂದು ಕೇಳಿ ನೋಡಬೇಕು. ಒಬ್ಬನೇ ಉಂಡೆನೆಂಬ ಉತ್ತರ ವಾರಗಟ್ಟಲೆ ಬರುತ್ತಿದ್ದರೆ, ತಂದೆಯಾದವನು ಒಂದು ರಾತ್ರಿಯ ಬಸ್ಸನ್ನು ಹತ್ತಿ ಹೋಗಿಬರುವದು ಒಳ್ಳೆಯದು.

ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ನೀರು ಸೋಂಕದ ಡಬ್ಬಿಗಳಲ್ಲಿ ತುಂಬಬೇಕು. ಶೇಂಗಾ ಹಿಂಡಿಯನ್ನು ಗಾಡಿಯ ನೂಡಲ್ಸಿನ ಮೇಲೆ ಉದುರಿಸಿಕೊಂಡು ತಿನ್ನುವ ತರುಣರನ್ನು ನಾವು ಕಂಡಿದ್ದೇವೆ. ಅದರ ರುಚಿ ಚೆನ್ನಾಗಿಯೇ ಇರುತ್ತದೆ. ಜೋಳದ ಖಡಕ್ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಲೆಯ ಮಗ್ಗುಲಿಗೆ ನಿಲ್ಲಿಸಿ, ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಬೇಕು. ಪೂರ್ತಿ ಆರಿದ ಮೇಲೆಯೇ ಅರಿವೆಯಲ್ಲಿ ಸುತ್ತಿ ಡಬ್ಬಿಗೆ ಹಾಕತಕ್ಕದ್ದು. ಬಸ್ಸಿನ ಅವಸರಕ್ಕೆ ಬಿಸಿಯಿರುವಾಗಲೇ ತುಂಬಿದರೆ ಬೂಷ್ಟು ಹಿಡಿಯುವದು.