ಸರಾಸರಿಯೋ, ಮಧ್ಯಾಂಕವೋ? ಪರೀಕ್ಷೆ ಕೇಳದ ಪ್ರಶ್ನೆ

ಹುಣಸಮಾರನಹಳ್ಳಿಯ ನಮ್ಮ ಮನೆಗೆ ಭಾನುವಾರಗಳಂದು ಹತ್ತನೆಯ ತರಗತಿಯ ಕೆಲವು ಮಕ್ಕಳು ಗಣಿತ ಹೇಳಿಸಿಕೊಳ್ಳಲು ಬರುತ್ತಾರೆ. ಸಂಖ್ಯಾಶಾಸ್ತ್ರದ ಅಧ್ಯಾಯ ನಡೆದಿದ್ದಾಗ "ಮಧ್ಯಾಂಕ ಏತಕ್ಕಪ್ಪಾ ಬೇಕು?" ಎಂದು ಒಬ್ಬ ಹುಡುಗನನ್ನು ಕೇಳಿದೆ. "ಮೂರು ಅಂಕಕ್ಕೆ ಸರ್" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ತಪ್ಪು ಹುಡುಗನದಲ್ಲ. ನಾವು ಅವನಿಗೆ ಕಲಿಸಿದ್ದೇ ಅಷ್ಟು.

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ವರ್ಗಾಂತರಗಳ ಪಟ್ಟಿಯೊಂದನ್ನು ಕೊಟ್ಟು ಸರಾಸರಿ ಅಥವಾ ಮಧ್ಯಾಂಕವನ್ನು ಕಂಡುಹಿಡಿಯಲು ಹೇಳುತ್ತಾರೆ. ವಿದ್ಯಾರ್ಥಿ ಸೂತ್ರ ಬರೆದು, ಬೆಲೆಗಳನ್ನು ಆದೇಶಿಸಿ ಉತ್ತರ ಪಡೆಯುತ್ತಾನೆ. ಎಡವುವ ಸ್ಥಳಗಳೂ ಗೊತ್ತಿರುವವೇ: ಬಿಡಿ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸದಿರುವುದು, ಹಿಂದಿನ ವರ್ಗಾಂತರದ ಸಂಚಿತ ಆವೃತ್ತಿಯ ಬದಲು ಮಧ್ಯಾಂಕ ವರ್ಗದ್ದನ್ನೇ ತೆಗೆದುಕೊಳ್ಳುವುದು. ನಮ್ಮ ವೃತ್ತಿಯ ಹೆಬ್ಬಾಗಿಲಾದ ಸಿ.ಎ. ಫೌಂಡೇಶನ್ ಪರೀಕ್ಷೆಯಲ್ಲಿಯೂ ಸಂಖ್ಯಾಶಾಸ್ತ್ರಕ್ಕೆ 40 ಅಂಕಗಳಿವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವೂ ಉಂಟು. ಅಲ್ಲಿಯೂ ವೇಗವೇ ಮುಖ್ಯ. ಎರಡರಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಚನೆಗೆ ಸಿಗುವ ಅವಕಾಶ ಅತ್ಯಲ್ಪ.

ಈ ವಿವೇಚನೆಯ ಕೊರತೆಗೆ ನಾನೇ ನಿದರ್ಶನ. ವೃತ್ತಿಯ ಆರಂಭದ ವರ್ಷಗಳಲ್ಲಿ ಸಣ್ಣ ತಯಾರಕರೊಬ್ಬರ ಬಾಕಿ ವಸೂಲಿಯ ಲೆಕ್ಕ ತೆಗೆದೆ. ಅಂಕಿಗಳನ್ನು ಇಲ್ಲಿ ಸರಳಗೊಳಿಸಿ ಹೇಳುವುದಾದರೆ, ಸಮಾನ ಮೊತ್ತದ ಏಳು ಬಿಲ್ಲುಗಳ ಹಣ ಕ್ರಮವಾಗಿ 28, 30, 32, 35, 38, 40 ಮತ್ತು 217 ದಿನಗಳಲ್ಲಿ ಬಂದಿತ್ತು. ಮೊತ್ತ 420, ಸರಾಸರಿ 60. "ನಿಮ್ಮ ಗ್ರಾಹಕರು ಎರಡು ತಿಂಗಳು ತೆಗೆದುಕೊಳ್ಳುತ್ತಾರೆ, ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಿಕೊಳ್ಳಿ" ಎಂದು ಸಲಹೆ ನೀಡಿದೆ. ಅವರು ಹಾಗೆಯೇ ಮಾಡಿ ಬಡ್ಡಿ ತೆತ್ತರು. ಮಧ್ಯಾಂಕ ನೋಡಿದ್ದರೆ 35 ದಿನ! ಏಳರಲ್ಲಿ ಆರು ಬಿಲ್ಲುಗಳು 40 ದಿನದೊಳಗೆ ತೀರಿದ್ದವು. ಬೇಕಾಗಿದ್ದುದು ಹೆಚ್ಚಿನ ಸಾಲವಲ್ಲ, ಒಬ್ಬ ಗ್ರಾಹಕನ ಬೆನ್ನು ಹತ್ತುವುದು. ಆ 217ರ ಸ್ಥಾನದಲ್ಲಿ 40 ಇಟ್ಟರೆ ಸರಾಸರಿ ಸುಮಾರು 34.7ಕ್ಕೆ ಕುಸಿಯುತ್ತದೆ, ಮಧ್ಯಾಂಕ ಕದಲುವುದಿಲ್ಲ.

ಹಾಗೆಂದು ಸರಾಸರಿ ಸುಳ್ಳೆಂದಲ್ಲ. ಒಟ್ಟು ಎಷ್ಟು ಹಣ ಎಷ್ಟು ಕಾಲ ಸಿಕ್ಕಿಕೊಂಡಿತ್ತೆಂಬುದನ್ನು ತಿಳಿಸುವುದು ಸರಾಸರಿಯೇ. ಸಾಮಾನ್ಯ ಗ್ರಾಹಕ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಮಧ್ಯಾಂಕ ತಿಳಿಸುತ್ತದೆ. ಪ್ರಶ್ನೆ ಯಾವುದೆಂದು ಅರಿಯದೆ ಉತ್ತರ ಆರಿಸಿದ್ದು ನನ್ನ ತಪ್ಪು.

ಶಾಸನಗಳೂ ಈ ಆಯ್ಕೆಯನ್ನು ಮಾಡಿವೆ. ಬಳ್ಳಾರಿ ರಸ್ತೆಯಲ್ಲಿರುವ ನಮ್ಮೂರಿನವರಿಗೆ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ, ಭೂಮಿಯ ಬೆಲೆಯ ಮಾತು ನಿತ್ಯದ್ದಾಗಿದೆ. 2013ರ ಭೂಸ್ವಾಧೀನ ಕಾಯ್ದೆಯ 26ನೆಯ ಕಲಮಿನಂತೆ ಮಾರುಕಟ್ಟೆ ಮೌಲ್ಯದ ಮಾನದಂಡಗಳಲ್ಲಿ ಒಂದು, ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಪೈಕಿ ಅಧಿಕ ಬೆಲೆಯ ಅರ್ಧದಷ್ಟರ ಸರಾಸರಿ. ಕಲ್ಪಿತ ಉದಾಹರಣೆಯಾಗಿ, ಗುಂಟೆಗೆ 10, 12, 14, 16, 20 ಮತ್ತು 48 ಲಕ್ಷದ ಆರು ಪತ್ರಗಳಿವೆಯೆನ್ನೋಣ. ಮಧ್ಯಾಂಕ 15 ಲಕ್ಷ, ಸರಾಸರಿ 20 ಲಕ್ಷ, ಕಾಯ್ದೆಯ ಲೆಕ್ಕದಂತೆ 28 ಲಕ್ಷ. ಪತ್ರಗಳು ಅವೇ, ರೈತನ ಕೈಗೆ ಬರುವ ಹಣ ಮಾತ್ರ ಬೇರೆ. ಬಹುತೇಕ ಪತ್ರಗಳಲ್ಲಿ ನಿಜ ಬೆಲೆ ಕಾಣುವುದಿಲ್ಲವೆಂಬ ಅನುಭವದ ಹಿನ್ನೆಲೆಯಲ್ಲಿ ಈ ವಿಧಾನ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ತನ್ನ ಲೆಕ್ಕ ಸರಿಯೇ ಎಂದು ಪರಿಶೀಲಿಸಬಲ್ಲ ಭೂಮಾಲೀಕರೆಷ್ಟು ಮಂದಿ?

ಆದಾಯ ತೆರಿಗೆಯಲ್ಲಿಯೂ ಇಂಥದೇ ಬದಲಾವಣೆ ನಡೆಯಿತು. ಸಂಬಂಧಿತ ಸಂಸ್ಥೆಗಳ ನಡುವಣ ಅಂತರರಾಷ್ಟ್ರೀಯ ವ್ಯವಹಾರದ ಬೆಲೆಗೆ 2001ರಿಂದ ಹೋಲಿಕೆಗಳ ಸರಾಸರಿಯೇ ಆಧಾರವಾಗಿತ್ತು. 2015ರಲ್ಲಿ ತಂದ 10ಸಿಎ ನಿಯಮವು, ಕೆಲವು ವಿಧಾನಗಳಲ್ಲಿ, ಆರು ಅಥವಾ ಹೆಚ್ಚು ಹೋಲಿಕೆಗಳಿದ್ದು ಬೆಲೆಯು 35ರಿಂದ 65ನೆಯ ಶತಮಾನಕದ ವ್ಯಾಪ್ತಿಯ ಹೊರಗಿದ್ದರೆ ಮಧ್ಯಾಂಕವನ್ನೇ ಹಿಡಿಯಬೇಕೆಂದಿತು. ಆರಕ್ಕಿಂತ ಕಡಿಮೆಯಿದ್ದರೆ ಹಳೆಯ ಸರಾಸರಿಯೇ. ಹುಡುಗನ 'ಮೂರು ಅಂಕ'ದ ಮೇಲೆ ಕೋಟ್ಯಂತರ ರೂಪಾಯಿಯ ತೆರಿಗೆ ನಿಂತಿತ್ತು.

ಆದುದರಿಂದ ನನ್ನ ವಿನಂತಿ ಎರಡು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಲೆಕ್ಕದ ಕೊನೆಗೆ ಒಂದು ಸಾಲು ಸೇರಿಸಲಿ: "ಈ ಅಂಗಡಿಯವನು ಯಾವ ಅಂಕಿಯನ್ನು ನಂಬಬೇಕು? ಕಾರಣ ಕೊಡಿ." ಅದಕ್ಕೊಂದು ಅಂಕವಿರಲಿ. ಮೌಲ್ಯಮಾಪನ ಕಷ್ಟವೆಂಬ ಆಕ್ಷೇಪ ಬರಬಹುದು. ಬಹು ಆಯ್ಕೆಯ ರೂಪದಲ್ಲಿಯೂ ಇದನ್ನು ಕೇಳಲು ಸಾಧ್ಯ. ಎರಡನೆಯದು ನಮ್ಮ ಸದಸ್ಯ ಬಂಧುಗಳಿಗೆ. ಸಂಬಳ, ಬಾಡಿಗೆ, ವಸೂಲಿ, ಯಾವುದೇ ವರದಿಯಲ್ಲಿ 'ಸರಾಸರಿ' ಎಂದು ಕಂಡೊಡನೆ "ಮಧ್ಯಾಂಕ ಎಷ್ಟು?" ಎಂದು ನಿಮ್ಮ ಲೆಕ್ಕಿಗರನ್ನು ಕೇಳಿರಿ. ಎರಡೂ ಹತ್ತಿರವಿದ್ದರೆ ಮುಂದೆ ಸಾಗಿರಿ. ದೂರವಿದ್ದರೆ ಆ ಪಟ್ಟಿಯ ಒಂದೊಂದು ಸಾಲನ್ನೂ ಓದಿರಿ.

ಆ ಪ್ರಶ್ನೆಯನ್ನು ಯಾರಾದರೂ ನನ್ನನ್ನು ಅಂದು ಕೇಳಿದ್ದರೆ ಒಬ್ಬ ಸಣ್ಣ ತಯಾರಕರಿಗೆ ಅನಗತ್ಯ ಬಡ್ಡಿ ಉಳಿಯುತ್ತಿತ್ತು.