ಚರ್ಮದ ರಟ್ಟಿಗೆ ಎಣ್ಣೆ ಬೇಡ

ನಮ್ಮ ಪುಸ್ತಕಭಂಡಾರದ ಒಳಕೋಣೆಯಲ್ಲಿರುವ ಚರ್ಮದ ರಟ್ಟಿನ ಹಳೆಯ ಸಂಪುಟಗಳನ್ನು ಮುಟ್ಟಿದವರಿಗೆಲ್ಲ ಒಂದು ಅನುಭವ ಆಗಿರಬೇಕು. ಓದಿ ಎದ್ದಾಗ ಅಂಗೈಗೂ ಅಂಗಿಗೂ ಇಟ್ಟಿಗೆ ಪುಡಿಯಂಥ ಕೆಂಪು ಹತ್ತಿರುತ್ತದೆ. ಜ್ಞಾನ ಅಂಟಿತೋ ಇಲ್ಲವೋ, ರಟ್ಟಂತೂ ಅಂಟಿತು ಎಂದು ಗೆಳೆಯರು ನಗೆಯಾಡುವುದುಂಟು.

ಕಳೆದ ವರ್ಷ ನಾನೂ ಒಂದು ಉಪಕಾರ ಮಾಡಹೋದೆ. ಊರಿನಲ್ಲಿ ನಮ್ಮಜ್ಜ ತಮ್ಮ ಮೆಟ್ಟಿಗೆ ಹರಳೆಣ್ಣೆ ಸವರುತ್ತಿದ್ದುದು ನೆನಪಿತ್ತು. ಆ ಮೆಟ್ಟು ಬಹಳ ವರ್ಷ ಬಾಳಿತು. ಚರ್ಮವೆಂದ ಮೇಲೆ ಎಲ್ಲವೂ ಒಂದೇ ಎಂದು ಬಗೆದು ಒಂದು ಸಂಪುಟಕ್ಕೆ ಧಾರಾಳವಾಗಿ ಎಣ್ಣೆ ಹಚ್ಚಿದೆ. ವಾರದೊಳಗೆ ರಟ್ಟು ಕಪ್ಪಾಗಿ ಜಿಗುಟಾಯಿತು. ಎಣ್ಣೆ ಮೊದಲ ಹಾಳೆಗಳಿಗೂ ಇಳಿಯಿತು. ಪುಸ್ತಕಪಾಲಕರು ಗದರಿಸಲಿಲ್ಲ. ಅದೇ ಹೆಚ್ಚು ನೋಯಿಸಿತು.

ಇದರ ಕಾರಣ ಆಮೇಲೆ ತಿಳಿಯಿತು. ತೊಗಟೆಯಿಂದ ಹದಮಾಡಿದ ಚರ್ಮವು ಗಾಳಿಯಲ್ಲಿರುವ ಗಂಧಕದ ಹೊಗೆಯನ್ನು ಹೀರಿಕೊಳ್ಳುತ್ತದೆ. ಅದು ಒಳಗೆ ಆಮ್ಲವಾಗಿ ಎಳೆಗಳನ್ನು ತುಂಡರಿಸುತ್ತದೆ. ಎಣ್ಣೆ ಒಣಗಿದ ಎಳೆಯನ್ನು ಮೆದುಮಾಡೀತು, ತುಂಡಾದುದನ್ನು ಕೂಡಿಸಲಾರದು. 1900ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಈ ಕೇಡಿನ ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಿತು. ಬೇಗ ಕೆಡುವುದೆಂದು ಸಮಿತಿ ಕಂಡುಕೊಂಡ ಚರ್ಮಗಳಲ್ಲಿ ಭಾರತದಿಂದ ಹದವಾಗಿ ಹೋಗುತ್ತಿದ್ದ ಕುರಿ, ಮೇಕೆಯ ಚರ್ಮವೂ ಸೇರಿತ್ತು. ಅದನ್ನು ಹದಮಾಡುತ್ತಿದ್ದುದು ತಂಗಡಿಯ ತೊಗಟೆಯಿಂದ. ನಮ್ಮ ಬಯಲುಸೀಮೆಯ ದಾರಿಬದಿಯಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ! ಇದರಲ್ಲಿ ನಮ್ಮ ಚರ್ಮಕಾರರ ತಪ್ಪೇನೂ ನನಗೆ ಕಾಣದು. ಸವೆಯುವವರೆಗೆ ಬಾಳಬೇಕಾದ ಮೆಟ್ಟಿಗೆ ಆ ಹದ ಸಾಕು. ನೂರು ವರ್ಷ ಬೀರುವಿನಲ್ಲಿ ಕೂರುವ ಪುಸ್ತಕದ ಮಾತು ಬೇರೆ.

ಈ ರಟ್ಟುಗಳನ್ನೆಲ್ಲ ಕಿತ್ತು ರೆಕ್ಸಿನ್ ಹೊದಿಸಬೇಕೆಂದು ಕೆಲವು ಮಿತ್ರರ ಅಭಿಪ್ರಾಯ. ನಾನು ಒಪ್ಪಲಾರೆ. ಬೆನ್ನಿನ ಚಿನ್ನದಕ್ಷರವೂ ಹಳೆಯ ಹೊಲಿಗೆಯೂ ಹೋಗುತ್ತವೆ. ಅಂಚು ಕತ್ತರಿಸುವಾಗ ಹಿಂದಿನ ಓದುಗರ ಪೆನ್ಸಿಲ್ ಟಿಪ್ಪಣಿಗಳೂ ಹೋಗುತ್ತವೆ. ಪರೀಕ್ಷೆಗೆ ಆ ಟಿಪ್ಪಣಿಗಳೇ ನನಗೆ ಎಷ್ಟೋ ಸಲ ಒದಗಿವೆ! ಪುಡಿಯುದುರದಂತೆ ಸೆಲ್ಯುಲೋಸಿನ ಅಂಟನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವ ಕ್ರಮವಿದೆ. ಅದು ನುರಿತವರ ಕೆಲಸ. ನಮ್ಮಿಂದಾಗುವುದು ಇಷ್ಟು: ಗಟ್ಟಿ ಕಾಗದದ ಹೊದಿಕೆ, ಸಡಿಲಾದ ರಟ್ಟಿಗೆ ಹತ್ತಿಯ ಲಾಡಿ, ಕಿಟಕಿಯ ಬಿಸಿಲಿನಿಂದ ದೂರ. ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯದೆ, ಅಕ್ಕಪಕ್ಕದ ಪುಸ್ತಕಗಳನ್ನು ಹಿಂದೆ ಸರಿಸಿ ನಡುವೆ ಹಿಡಿಯಬೇಕು.

ನಾನು ಕೆಡಿಸಿದ ಸಂಪುಟಕ್ಕೂ ಕಾಗದದ ಅಂಗಿ ತೊಡಿಸಿದ್ದೇನೆ. ಕೆಳಗಿನ ಸಾಲಿನ ಎಡತುದಿಯಲ್ಲಿದೆ. ದಯವಿಟ್ಟು ಎರಡು ಕೈಯಿಂದ ತೆಗೆಯಿರಿ.